ಕೊಯ್ಲಿನ ಫೋಟೊ ಜೊತೆಗೆ ಬಿತ್ತನೆಯ ತಾರೀಖೂ ಬರಲಿ

ಮಾನ್ಯ ಸಂಪಾದಕರೇ,

ಕೈತೋಟದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ಒಂದೂ ಬಿಡದೆ ಓದುತ್ತೇನೆ. ಬುಟ್ಟಿ ತುಂಬ ಟೊಮೆಟೊ, ಎರಡು ಕೈಯಲ್ಲಿ ಎತ್ತಲಾರದ ಕುಂಬಳಕಾಯಿ, ಪಕ್ಕದಲ್ಲಿ ಬೆಳೆದವರ ನಗುಮುಖ. ನೋಡಲು ಸಂತೋಷವೇ. ಆದರೆ ಆ ಫೋಟೊ ತೆಗೆದು ಮೂರು ತಿಂಗಳಾದ ಮೇಲೆ ಅದೇ ಮನೆಯ ಅಡುಗೆಗೆ ತೋಟದಿಂದ ಏನು ಬಂತು ಎಂಬುದನ್ನು ಯಾರೂ ಬರೆಯುವುದಿಲ್ಲ. ವರ್ಷವಿಡೀ ತಿನ್ನುವಷ್ಟು ಹಣ್ಣು ತರಕಾರಿ ಬೆಳೆದುಕೊಳ್ಳಬೇಕು ಎನ್ನುವವರು ತಿಳಿಯಬೇಕಾದದ್ದು ಅದನ್ನೇ.

ಗಣಿತ ಕಲಿಸಿ ನಿವೃತ್ತಳಾದವಳು ನಾನು, ಲೆಕ್ಕದಿಂದಲೇ ಶುರು ಮಾಡುತ್ತೇನೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಲೂಗಡ್ಡೆ, ಗೆಣಸಿನಂಥ ಪಿಷ್ಟದ ಗೆಡ್ಡೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ನಾಲ್ವರ ಮನೆಗೆ ದಿನಕ್ಕೆ 1.6 ಕಿಲೊ, ವರ್ಷಕ್ಕೆ 584 ಕಿಲೊ ಆಯಿತು. ಕೇಳಿದವರೆಲ್ಲ ‘ಅಷ್ಟು ಜಾಗ ಎಲ್ಲಿದೆ’ ಎನ್ನುತ್ತಾರೆ. ಜಾಗ ಬೇಕು, ಇಲ್ಲವೆನ್ನುವುದಿಲ್ಲ. ನಾಲ್ಕು ಕುಂಡಗಳಲ್ಲಿ ಆಗುವ ಮಾತಲ್ಲ ಇದು. ಆದರೆ ಬೇಕಾದಷ್ಟು ಜಾಗ ಇರುವವರ ತೋಟವೂ ವರ್ಷದಲ್ಲಿ ಕೆಲವು ತಿಂಗಳು ಬರಿದಾಗಿರುವುದನ್ನು ಕಂಡಿದ್ದೇನೆ. ಅಲ್ಲಿ ಕಡಿಮೆ ಬಿದ್ದದ್ದು ನೆಲವಲ್ಲ, ಬಿತ್ತನೆಯ ಕ್ರಮ. 584 ಕಿಲೊದಲ್ಲಿ 200 ಕಿಲೊ ಒಂದೇ ತಿಂಗಳಲ್ಲಿ ಬಂದು ಬಿದ್ದರೆ ಅರ್ಧ ಹಂಚಿ ಹೋಗುತ್ತದೆ, ಇನ್ನರ್ಧ ಕೊಳೆಯುತ್ತದೆ. ಮುಂದಿನ ತಿಂಗಳ ಊಟಕ್ಕೆ ಅದರಿಂದ ಏನೂ ಉಳಿಯುವುದಿಲ್ಲ.

ಬೀಜದ ಪೊಟ್ಟಣ ಒಡೆದ ದಿನವೇ ಪೂರ್ತಿ ಬಿತ್ತಿ ಮುಗಿಸುವ ಅಭ್ಯಾಸ ಮೊದಲು ಹೋಗಬೇಕು. ಮೂಲಂಗಿ ತಿಂಗಳೊಪ್ಪತ್ತಿನಲ್ಲಿ ಕೀಳಲು ಬರುತ್ತದೆ, ಸಮಯ ಮೀರಿದರೆ ಬೆಂಡಾಗುತ್ತದೆ. ಅದನ್ನು ಹತ್ತು ಹದಿನೈದು ದಿನಕ್ಕೊಂದು ಸಾಲಿನಂತೆ ಹಾಕಬೇಕು. ಸೊಪ್ಪಿಗೂ ಇದೇ ಮಾತು. ಗಿಡದ ಬೀನ್ಸ್ ಬಿತ್ತಿ 50–60 ದಿನಕ್ಕೆ ಶುರುವಾದರೆ ಎರಡು ಮೂರು ವಾರ ಚೆನ್ನಾಗಿ ಕೊಟ್ಟು ಇಳಿಮುಖವಾಗುತ್ತದೆ. ಹಾಗಾಗಿ ಮೊದಲ ಸಾಲು ಬಿತ್ತಿ ಮೂರು ವಾರಕ್ಕೆ ಎರಡನೆಯದು ಮಣ್ಣಿಗೆ ಬಿದ್ದಿರಬೇಕು. ಬಿಡಿಸುವುದರಲ್ಲೂ ಶಿಸ್ತು ಬೇಕು. ದಿನ ಬಿಟ್ಟು ದಿನ ತೋಟಕ್ಕೆ ಇಳಿದು, ಮುರಿದರೆ ಟಕ್ಕೆನ್ನುವ ಎಳೆ ಕಾಯಿಗಳನ್ನೆಲ್ಲ ಬಿಡಿಸಿಬಿಡಬೇಕು. ಎಲೆಯ ಮರೆಯಲ್ಲಿ ಹತ್ತಾರು ಕಾಯಿ ಬಲಿತು ಒಳಗೆ ಕಾಳು ಉಬ್ಬಿತೆಂದರೆ ಗಿಡ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಬೀಜ ಕಟ್ಟಿದ ಮೇಲೆ ಅದಕ್ಕೆ ಇನ್ನು ಹೂವಿನ ಅಗತ್ಯವಿಲ್ಲ.

ಪ್ರತಿ ನೆಲಕ್ಕೂ ವರ್ಷದಲ್ಲಿ ಒಂದು ಕಷ್ಟದ ಕಾಲ ಇದ್ದೇ ಇದೆ. ಒಂದು ಕಡೆ ಹಿಮ, ಒಂದು ಕಡೆ ಬಿರುಬಿಸಿಲು, ಮತ್ತೊಂದು ಕಡೆ ಬಿಡದ ಮಳೆ. ಹಗಲಿನ ಬಿಸಿ 35 ಡಿಗ್ರಿ ಸೆಲ್ಸಿಯಸ್ ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಹೂ ಕಾಯಿ ಕಟ್ಟದೆ ಉದುರುತ್ತದೆ. ಆಗ ಗೊಬ್ಬರ ಸುರಿದು ಏನೂ ಪ್ರಯೋಜನವಿಲ್ಲ. ಅಂಥ ತಿಂಗಳುಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸುವುದು ನನ್ನ ಪದ್ಧತಿ. ಕುಂಬಳಕಾಯಿ ಬಲಿಯಲು ಹೆಚ್ಚುಕಡಿಮೆ ನಾಲ್ಕು ತಿಂಗಳು, ಇಟ್ಟು ತಿನ್ನಲು ಎರಡು ಮೂರು ತಿಂಗಳು. ಅಂದರೆ ಬರಿದು ಕಾಲ ಮುಗಿಯುವ ಹೊತ್ತಿಗೂ ಮನೆಯಲ್ಲಿ ಕುಂಬಳ ಇರಬೇಕಾದರೆ ಆರೇಳು ತಿಂಗಳ ಹಿಂದೆಯೇ ಬೀಜ ಊರಿರಬೇಕು. ಕೊಯ್ಯುವ ಮುಂಚೆ ಸಿಪ್ಪೆಯ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ನೋಡುತ್ತೇನೆ. ಉಗುರು ಇಳಿದರೆ ಕಾಯಿ ಇನ್ನೂ ಬಲಿತಿಲ್ಲ. ಇಳಿಯದಿದ್ದರೆ, ತೊಟ್ಟೂ ಒಣಗಿ ಮರದಂತೆ ಗಟ್ಟಿಯಾಗಿದ್ದರೆ, ನಾಲ್ಕು ಬೆರಳಷ್ಟು ತೊಟ್ಟು ಉಳಿಸಿ ಕತ್ತರಿಸುತ್ತೇನೆ. ತೊಟ್ಟು ಹಿಡಿದು ಎತ್ತಬಾರದು. ಅದು ಕಿತ್ತು ಬಂದರೆ ಅದೇ ಜಾಗದಿಂದ ಕೊಳೆ ಶುರುವಾಗುತ್ತದೆ.

ಹಣ್ಣಿನ ವಿಷಯದಲ್ಲಿ ಆತುರಪಟ್ಟರೆ ನಡೆಯುವುದಿಲ್ಲ, ಅದಕ್ಕೇ ಗಿಡಗಳನ್ನು ಎಲ್ಲಕ್ಕಿಂತ ಮೊದಲು ನೆಡಬೇಕು. ಬೆಚ್ಚಗಿನ ನೆಲದವರಿಗೆ ಬಾಳೆಯಷ್ಟು ಅನುಕೂಲದ್ದು ಇನ್ನೊಂದಿಲ್ಲ. ಒಂದು ಬಾಳೆ ಒಂದೇ ಗೊನೆ ಕೊಟ್ಟು ಮುಗಿಯುತ್ತದೆ ನಿಜ. ಆದರೆ ಬುಡದಲ್ಲಿ ಬಂದ ಕಂದುಗಳನ್ನೆಲ್ಲ ಬೆಳೆಯಲು ಬಿಡದೆ, ಗೊನೆ ಹೊತ್ತ ತಾಯಿ, ಅರ್ಧ ಎತ್ತರದ ಮಗಳು, ಆಗಷ್ಟೇ ಮೊಳೆತ ಮೊಮ್ಮಗಳು, ಹೀಗೆ ಮೂರೇ ಉಳಿಸಿದರೆ ಒಂದೇ ಬುಡದಿಂದ ಒಂದಾದ ಮೇಲೊಂದು ಗೊನೆ ಬರುತ್ತದೆ. ಇಂಥ ನಾಲ್ಕಾರು ಬುಡಗಳನ್ನು ಬೇರೆ ಬೇರೆ ತಿಂಗಳಲ್ಲಿ ನೆಟ್ಟವರ ಮನೆಗೆ ಹಣ್ಣು ತಪ್ಪುವುದು ಅಪರೂಪ. ಚಳಿ ನೆಲದವರು ಸೇಬಿನಲ್ಲಿ ಬೇಗ ಹಣ್ಣಾಗುವ ತಳಿ ಒಂದು, ತಡವಾಗಿ ಹಣ್ಣಾಗಿ ತಂಪಿನಲ್ಲಿ ತಿಂಗಳುಗಟ್ಟಲೆ ಉಳಿಯುವ ತಳಿ ಒಂದು ನೆಟ್ಟುಕೊಳ್ಳಬಹುದು.

ಮಿಕ್ಕದ್ದನ್ನು ಕಾಪಿಡುವ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಿದೆ. ಬೀನ್ಸ್, ಕ್ಯಾರೆಟ್, ಜೋಳದಂಥವನ್ನು ನೀರಿನಲ್ಲಿ ಕುದಿಸಿ ಬಾಟಲಿಗೆ ತುಂಬಿ ಗಾಳಿಯಾಡದಂತೆ ಮುಚ್ಚಿಟ್ಟರೆ ವರ್ಷ ಇರುತ್ತದೆ ಎಂಬ ಸಲಹೆ ಕೈಯಿಂದ ಕೈಗೆ ಹರಿದಾಡುತ್ತಿದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹುಳಿಯಿಲ್ಲದ ತರಕಾರಿಯಲ್ಲಿ, ಅಂದರೆ ಹುಳಿ ಕಡಿಮೆಯಾದಷ್ಟೂ ಏರುವ ಪಿಎಚ್ ಎಂಬ ಅಳತೆ 4.6ಕ್ಕಿಂತ ಮೇಲಿರುವುದರಲ್ಲಿ, ಬಾಟ್ಯುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯದ ಬೀಜಾಣುಗಳು 100 ಡಿಗ್ರಿ ಕುದಿತವನ್ನೂ ತಾಳಿಕೊಂಡು ಗಾಳಿಯಿಲ್ಲದ ಬಾಟಲಿಯೊಳಗೆ ವಿಷ ಕಟ್ಟುತ್ತವೆ. ರುಚಿ, ವಾಸನೆಯಿಂದ ಅದು ತಿಳಿಯಬೇಕೆಂದೇನಿಲ್ಲ, ಪ್ರಾಣಕ್ಕೇ ಬರುತ್ತದೆ. ಅವನ್ನು ಕೊಲ್ಲಲು ಒತ್ತಡದಲ್ಲಿ ಸುಮಾರು 121 ಡಿಗ್ರಿ ಕಾವು ಬೇಕು, ಅದಕ್ಕೆಂದೇ ಮಾಡಿದ ಪಾತ್ರೆ ಬೇಕು. ಅದಿಲ್ಲದವರಿಗೆ ಒಣಗಿಸುವುದು, ಸರಿಯಾದ ಪ್ರಮಾಣದ ಉಪ್ಪು ಹುಳಿಯಲ್ಲಿ ಹಾಕುವುದು, ಕುದಿನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತಣಿಸಿ ಫ್ರೀಜರಿನಲ್ಲಿ ಇಡುವುದು, ಇವೇ ಕ್ಷೇಮ.

ಈಗ ನಿಮ್ಮಲ್ಲಿ ನನ್ನ ಬೇಡಿಕೆ. ವಾರಕ್ಕೊಮ್ಮೆ ಅಂಗೈಯಗಲದ ಒಂದು ಚೌಕ ಸಾಕು: ಈ ವಾರ ಏನು ಬಿತ್ತಬೇಕು, ಅದು ಯಾವ ತಿಂಗಳ ಊಟಕ್ಕೆ ಬರುತ್ತದೆ, ಎಷ್ಟು ದಿನ ಕೊಡುತ್ತದೆ, ಇಟ್ಟರೆ ಎಷ್ಟು ದಿನ ಉಳಿಯುತ್ತದೆ. ಹವಾಗುಣ ಎಲ್ಲ ಕಡೆ ಒಂದೇ ಅಲ್ಲವಾದ್ದರಿಂದ ಬಿಸಿ ನೆಲಕ್ಕೊಂದು, ತಂಪು ನೆಲಕ್ಕೊಂದು ಸಾಲು ಬೇರೆ ಕೊಡಿ. ದೊಡ್ಡ ಕುಂಬಳದ ಫೋಟೊ ಹಾಕುವುದಾದರೆ ಕೆಳಗೆ ಅದರ ಬೀಜ ಊರಿದ ತಾರೀಖನ್ನೂ ಅಚ್ಚು ಹಾಕಿ. ನಾನು ಇಟ್ಟುಕೊಂಡಿರುವ ಬಿತ್ತನೆ, ಕೊಯ್ಲಿನ ಪುಸ್ತಕದ ನಕಲನ್ನು ನಿಮ್ಮ ಕಚೇರಿಗೆ ಕಳಿಸಿಕೊಡಲು ಸಿದ್ಧಳಿದ್ದೇನೆ.

– ನಿವೃತ್ತ ಗಣಿತ ಶಿಕ್ಷಕಿ