ಮೊದಲು ಹಾಡು ಬರಲಿ

ಫಿನ್ಲೆಂಡಿನ ನಮ್ಮ ಕನ್ನಡ ಬಳಗದ ಪತ್ರಿಕೆಯ ರಾಜ್ಯೋತ್ಸವ ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಸಂಪಾದಕೀಯದ ಜಾಗ ಇನ್ನೂ ಖಾಲಿ ಇದೆ. ಕನ್ನಡ ನಾಡಿನ ಹಿರಿಮೆಯ ಬಗ್ಗೆ ಬರೆಯಲು ಕುಳಿತೆ. ಮಗಳು ಆಡಿದ ಒಂದು ಮಾತು ಬೇರೇನನ್ನೂ ಬರೆಯಗೊಡುತ್ತಿಲ್ಲ.

ಕಳೆದ ಶನಿವಾರ ಮನೆಯವರೆಲ್ಲ ಕುಳಿತು ಇಲ್ಲಿಯ ನಿರ್ದೇಶಕ ಆಕಿ ಕೌರಿಸ್‌ಮಾಕಿ ಅವರ ‘ಲೆನಿನ್‌ಗ್ರಾಡ್ ಕೌಬಾಯ್ಸ್ ಗೋ ಅಮೆರಿಕ’ ನೋಡಿದೆವು. 1989ರ ಚಿತ್ರ. ಟಂಡ್ರಾದ ಮೂಲೆಯ ಒಂದು ವಾದ್ಯತಂಡ. ಎಲ್ಲರಿಗೂ ಕೊಂಬಿನಂತೆ ಮುಂದಕ್ಕೆ ಚಾಚಿದ ಜುಟ್ಟು, ಚೂಪು ಮೂತಿಯ ಉದ್ದನೆಯ ಬೂಟು. ಊರಿನಲ್ಲಿ ಬೆಲೆಯಿಲ್ಲದೆ ಅಮೆರಿಕಕ್ಕೆ ಹೋಗುತ್ತಾರೆ. ನ್ಯೂಯಾರ್ಕಿನಲ್ಲೂ ಕೆಲಸ ಸಿಗುವುದಿಲ್ಲ. ಮೆಕ್ಸಿಕೋದಲ್ಲೊಂದು ಮದುವೆಯಿದೆ, ಅಲ್ಲಿ ನುಡಿಸಿ ಎಂಬ ಮಾತನ್ನು ನಂಬಿ ಹಳೆಯ ಕ್ಯಾಡಿಲಾಕ್ ಕೊಂಡು ದಕ್ಷಿಣಕ್ಕೆ ಹೊರಡುತ್ತಾರೆ. ಚಳಿಗೆ ಮರಗಟ್ಟಿದ ಬಾಸ್ ಗಿಟಾರಿನವನ ಶವಪೆಟ್ಟಿಗೆ ಕಾರಿನ ಮೇಲೆ. ಊರು ಬದಲಾದಂತೆ ಇವರ ಹಾಡೂ ಬದಲಾಗುತ್ತದೆ. ಹುಡುಗರನ್ನು ಹಸಿವಿನಲ್ಲಿಟ್ಟು ತಾನು ಗುಟ್ಟಾಗಿ ಬಿಯರ್ ಕುಡಿಯುವ ಮ್ಯಾನೇಜರ್ ವ್ಲಾದಿಮಿರ್ ಆಗಿ ಮಾಟ್ಟಿ ಪೆಲ್ಲೊನ್‌ಪಾ ಅದ್ಭುತ. ಚಿತ್ರದಲ್ಲಿ ಯಾರ ಮುಖದ ಗೆರೆಯೂ ಸಡಿಲವಾಗುವುದಿಲ್ಲ. ನಗುವ ಕೆಲಸವೆಲ್ಲ ನಮ್ಮದು. ಕೊನೆಗೆ ಮದುವೆ ಮನೆಯಲ್ಲಿ ಟೆಕಿಲಾ ಬಾಯಿಗೆ ಬಿದ್ದದ್ದೇ ತಡ, ಸತ್ತವನು ಎದ್ದು ಕೂರುತ್ತಾನೆ!

ಆಗ ಮಗಳು ಹೇಳಿದಳು: ‘ಅಪ್ಪ, ಅವರಿಗೆ ಅಲ್ಲಿಯ ಭಾಷೆ ಬರುವುದಿಲ್ಲ, ಹಾಡು ಬರುತ್ತದೆ. ನನಗೂ ಕನ್ನಡ ಹಾಗೇ ಅಲ್ಲವಾ?’

ತಿಪಟೂರಿನ ಗಣಪತಿ ಪೆಂಡಾಲು ನೆನಪಾಯಿತು. ವಾದ್ಯಗೋಷ್ಠಿ ಏಳಕ್ಕೆ ಎಂದು ಮೈಕಿನಲ್ಲಿ ಸಾರಿದರೆ ಬೆಂಗಳೂರಿನಿಂದ ತಂಡದ ಮೆಟಡೋರ್ ಬರುತ್ತಿದ್ದುದು ಒಂಬತ್ತಕ್ಕೆ. ವ್ಯಾನಿನ ಮೇಲೆ ಹಗ್ಗ ಬಿಗಿದ ಡ್ರಮ್ಮುಗಳು, ಒಳಗೆ ಮಿಂಚುವ ಕೋಟು ತೊಟ್ಟು ಬೆವೆತು ಕುಳಿತ ಗಾಯಕರು. ಅಪ್ಪ ಗಣಪತಿ ಸಮಿತಿಯಲ್ಲಿದ್ದರು. ವೇದಿಕೆಯ ಹಿಂದೆ ಕಾಫಿ ಕೊಡುವುದು ನನ್ನ ಕೆಲಸ. ಒಂದು ವರ್ಷ ಕೇರಳದ ಗಾಯಕರೊಬ್ಬರು ಬಂದಿದ್ದರು. ಕನ್ನಡದಲ್ಲಿ ನೀರು ಕೇಳಲೂ ಬಾರದೆ ಹೆಬ್ಬೆರಳನ್ನು ಬಾಯಿಯತ್ತ ತೋರಿಸಿದರು. ಅವರ ತೊಡೆಯ ಮೇಲೆ ಎಣ್ಣೆಗಲೆಯ ನೋಟ್‌ಬುಕ್. ಅದರ ತುಂಬ ಮಲಯಾಳಂ ಅಕ್ಷರದಲ್ಲಿ ಬರೆದ ಕನ್ನಡ ಹಾಡುಗಳು. ಉಸಿರು ಎಳೆಯಬೇಕಾದ ಕಡೆಯಲ್ಲೆಲ್ಲ ಕೆಂಪು ಶಾಯಿಯ ಚುಕ್ಕೆ. ಅವರು ಹಾಡಿದಾಗ ಚಾಪೆಯ ಮೇಲೆ ಕುಳಿತಿದ್ದ ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಂಡರು, ಹಿಂದಿನ ಸಾಲಿನಿಂದ ‘ಒನ್ಸ್ ಮೋರ್’ ಕೂಗು ಬಂತು. ಅವರು ಕನ್ನಡದವರಲ್ಲ ಎಂದು ಆ ರಾತ್ರಿ ಯಾರಿಗೂ ಅನ್ನಿಸಲಿಲ್ಲ. ನನ್ನ ಮಗಳ ಪುಸ್ತಕದಲ್ಲೂ ‘ಹಚ್ಚೇವು ಕನ್ನಡದ ದೀಪ’ ಇದೆ, ಫಿನ್ನಿಶ್ ಕಾಗುಣಿತದಲ್ಲಿ.

ಹಾಗಾಗಿ ಕೇಳಿಕೊಳ್ಳುತ್ತೇನೆ: ಮಕ್ಕಳು ಹಾಡುವಾಗ ‘ಳ’ ತಪ್ಪಿತೆಂದು ವೇದಿಕೆಯ ಮೇಲೆಯೇ ತಿದ್ದಬೇಡಿ. ಹಾಡು ಗಟ್ಟಿಯಾಗಿ ಕುಳಿತರೆ ಮಾತಿಗೆ ಹಾದಿ ಇರುತ್ತದೆ.

ಕೌರಿಸ್‌ಮಾಕಿ ನಮಗೆ ಇನ್ನೊಂದು ಕಾರಣಕ್ಕೂ ಹತ್ತಿರದವರು. ಚಿತ್ರರಂಗಕ್ಕೆ ಬರುವ ಮುನ್ನ ಪತ್ರ ಹಂಚಿದವರು, ಪಾತ್ರೆ ತೊಳೆದವರು. 2002ರಲ್ಲಿ ಇರಾನಿನ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿಗೆ ಅಮೆರಿಕದ ವೀಸಾ ಸಿಗದಿದ್ದಾಗ ತಾವೂ ನ್ಯೂಯಾರ್ಕ್ ಚಿತ್ರೋತ್ಸವಕ್ಕೆ ಹೋಗದೆ ಉಳಿದರು. ವೀಸಾದ ಸಾಲಿನಲ್ಲಿ ನಿಂತ ನಮಗೆ ಅದರ ಬೆಲೆ ಗೊತ್ತು. ಅವರು 2021ರಲ್ಲಿ ಕಾರ್ಕಿಲದ ಹಳೆಯ ಕಾರ್ಖಾನೆಯೊಂದರಲ್ಲಿ ಕಿನೋ ಲೈಕಾ ಎಂಬ ಚಿತ್ರಮಂದಿರ ತೆರೆದಿದ್ದಾರೆ. ಹೆಲ್ಸಿಂಕಿಯಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಒಟ್ಟಾಗಿ ಹೋಗುವ ಆಸೆಯಿದೆ. ಕಾರಿನಲ್ಲಿ ಜಾಗ ಇರುವವರು ತಿಳಿಸಿ.

ಇನ್ನು ಸೂಚನೆಗಳು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ ಮಧ್ಯಾಹ್ನ 2ಕ್ಕೆ, ಮಾಮೂಲಿ ಸಭಾಂಗಣದಲ್ಲಿ. ನಾಡಗೀತೆಯ ಅಭ್ಯಾಸಕ್ಕೆ ಒಂದು ಗಂಟೆ ಮೊದಲೇ ಬನ್ನಿ. ಬಿಸಿಬೇಳೆಬಾತಿನ ಪುಡಿ ಊರಿನಿಂದ ಬಂದಿದೆ, ಬೂಂದಿ ಇನ್ನೂ ಆಗಬೇಕು. ಗಣೇಶ ಹಬ್ಬದಂದು ಒಯ್ದ ದೊಡ್ಡ ಕೊಳಗವನ್ನು ದಯವಿಟ್ಟು ಮರಳಿಸಿ. ಮಕ್ಕಳಿಗೆ ಹಾಡು ಕಲಿಸುತ್ತಿದ್ದ ದಂಪತಿ ಈ ತಿಂಗಳ ಕೊನೆಗೆ ಮೈಸೂರಿಗೆ ಮರಳುತ್ತಿದ್ದಾರೆ. ಅವರೊಂದಿಗೆ ನಮ್ಮ ಹಾರ್ಮೋನಿಯಂ ನುಡಿಸುವ ಕೈಯೂ ಹೋಗುತ್ತಿದೆ. ಭಾನುವಾರ ಒಂದು ಗಂಟೆ ಕೊಡುವವರು ಬೇಕು, ರಾಗಜ್ಞಾನ ಇರಲೇಬೇಕೆಂದಿಲ್ಲ. ಪುಟ ಜೋಡಿಸಲು ಕೂಡ ಒಬ್ಬರು ಬೇಕು. ಒಬ್ಬನೇ ಮಾಡಿ ದಣಿದಿದ್ದೇನೆ. ಸಂಕ್ರಾಂತಿ ಸಂಚಿಕೆಯ ಬರಹಗಳು ಡಿಸೆಂಬರ್ 10ರೊಳಗೆ ಬರಲಿ.