ಹದಿನಾಲ್ಕು ತಿಂಗಳಾದ ಮೇಲೆ ಕುದುರೆಮುಖ

ಕಳೆದ ಭಾನುವಾರ ಕುದುರೆಮುಖ ಹತ್ತಿ ಇಳಿದೆ. 1894 ಮೀಟರ್ ಎತ್ತರ. ಬೆಟ್ಟದ ಬುಡದ ಹಳ್ಳಿ ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ. ಮಂಡಿ ಆಪರೇಷನ್ ಆಗಿ ಹದಿನಾಲ್ಕು ತಿಂಗಳು. ಮನೆ ಮೆಟ್ಟಿಲಿಳಿಯಲು ನಾನು ಗೋಡೆ ಹಿಡಿಯುತ್ತಿದ್ದುದನ್ನು ನೋಡಿದವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತು.

ಫಿಸಿಯೋಥೆರಪಿಸ್ಟ್ ಮೇಡಂ, ಮೊದಲ ನಮಸ್ಕಾರ ನಿಮಗೆ. ನೋವಾದಾಗ "ಇವತ್ತಿಗೆ ಸಾಕು" ಅಂದಿರಿ. ಭಯವಾದಾಗ "ಇನ್ನೊಂದು ಸಲ" ಅಂದಿರಿ. ಯಾವುದು ನೋವು, ಯಾವುದು ಭಯ ಅಂತ ನನಗಿಂತ ಮೊದಲೇ ನಿಮಗೆ ತಿಳಿಯುತ್ತಿತ್ತು.

ಮುಳ್ಳೋಡಿಯ ಹೋಂಸ್ಟೇ ಅಕ್ಕ ಬೆಳಿಗ್ಗೆ ಆರಕ್ಕೇ ಬಿಸಿ ಕಡುಬು ಬಡಿಸಿದರು. ನನ್ನ ಕಾಲಿನ ವಿಷಯ ಕೇಳಿ ಒಂದು ಕೋಲು ತಂದರು. ಹಳೇ ಬಟ್ಟೆಯಲ್ಲಿ ಉಪ್ಪಿನ ಗಂಟು ಮಾಡಿ ಅದರ ತುದಿಗೆ ಕಟ್ಟಿದರು. ಇಂಬಳ (ಜಿಗಣೆ) ಹತ್ತಿದರೆ ಬಗ್ಗಿ ಕೀಳುವ ಕಷ್ಟ ಬೇಡ, ಸುಮ್ನೆ ಇದನ್ನು ಮುಟ್ಟಿಸಿ ಅಂದರು. ನನಗೆ ಬಗ್ಗಲು ಆಗುವುದಿಲ್ಲ ಅಂತ ಯಾರೂ ಹೇಳಿರಲಿಲ್ಲ, ಅವರೇ ಗಮನಿಸಿದ್ದರು.

ಗೈಡ್ ಅಣ್ಣ ದಿನವಿಡೀ ನನ್ನ ಹಿಂದೆಯೇ ನಡೆದರು. ಒಂಟಿ ಮರ ದಾಟಿದರೆ ಬರೀ ಹುಲ್ಲಿನ ಗುಡ್ಡ, ಬಿಸಿಲು. ಮಡಿಲಿನಂಥ ಕಣಿವೆಗೆ ಇಳಿದರೆ ಶೋಲಾ ಕಾಡು. ಪಾಚಿ ಮೆತ್ತಿದ ಗಿಡ್ಡ ಮರಗಳು, ಒಮ್ಮೆಲೇ ತಂಪು. ಮಳೆ ಹಿಂದಾಗಿದ್ದರೂ ಹಳ್ಳ ಹರಿಯುತ್ತಲೇ ಇತ್ತು. "ಹುಲ್ಲು, ಕಾಡು ಎರಡೂ ಸೇರಿ ಮಳೆ ನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡ್ತಾವೆ ಮೇಡಂ" ಅಂದರು ಅಣ್ಣ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಈ ಗುಡ್ಡಸಾಲಿನಲ್ಲೇ ಅಲ್ವಾ! ಆ ನೀರಲ್ಲಿ ಮಂಡಿಯವರೆಗೆ ಕಾಲಿಟ್ಟು ಐದು ನಿಮಿಷ ಕೂತೆ. ಅಲ್ಲಿ ಅತ್ತೂಬಿಟ್ಟೆ.

ತುದಿಯಲ್ಲಿ ಬರೀ ಮಂಜು. ಒಂದೇ ಗಳಿಗೆ ಅದು ಸರಿದಾಗ ಪಶ್ಚಿಮದ ಕಣಿವೆ ಪೂರ್ತಿ ಕಂಡಿತು.

ನನಗೆ ಹತ್ತುವುದಕ್ಕಿಂತ ಇಳಿಯುವ ಹೆದರಿಕೆಯೇ ಜಾಸ್ತಿ ಇತ್ತು. ಜಾರುವ ಕಡೆಯೆಲ್ಲ ಅಣ್ಣ ಒಂದು ಹೆಜ್ಜೆ ಕೆಳಗೆ ನಿಂತು ಹೆಗಲು ಕೊಟ್ಟರು. ಜೊತೆಗಿದ್ದ ಏಳು ಮಂದಿ ಗೆಳೆಯರೇ, ನಿಮ್ಮಲ್ಲಿ ಒಬ್ಬರೂ ಒಮ್ಮೆಯೂ "ಬೇಗ" ಅನ್ನಲಿಲ್ಲ. ಅದನ್ನು ನಾನು ಮರೆಯಲ್ಲ.

ಅಮ್ಮಾ, ರಾತ್ರಿ ಎರಡು ಗಂಟೆಗೂ ಎದ್ದು ಕಾಲಿಗೆ ಐಸ್ ಇಡುತ್ತಿದ್ದವಳು ನೀನು. ನಿನಗೆ ಏನು ಹೇಳಲಿ?

ಮುಳ್ಳೋಡಿಯ ಅಕ್ಕಾ, ನಿಮ್ಮ ಕೋಲು ನನ್ನ ಜೊತೆ ಬೆಂಗಳೂರಿಗೇ ಬಂದುಬಿಟ್ಟಿದೆ. ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಬಂದು ವಾಪಸ್ ಕೊಡುತ್ತೇನೆ. ಕಡುಬು ಮಾಡಿರಿ.