ಕಸ್ಟಮ್ಸ್ ಹೌಸ್ ಪ್ರಾಜೆಕ್ಟ್: ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. 8ನೇ ತರಗತಿ ಮಕ್ಕಳು ಈ ತಿಂಗಳು ಸಮಾಜ ವಿಜ್ಞಾನದ ಪ್ರಾಜೆಕ್ಟ್‌ಗೆ ಐರ್ಲೆಂಡಿನ ಡಬ್ಲಿನ್ ಬಂದರಿನ ಹಳೆಯ ಕಸ್ಟಮ್ಸ್ ಹೌಸ್ ಬಗ್ಗೆ ಓದುತ್ತಿದ್ದಾರೆ. ಅಷ್ಟು ದೂರದ ಕಟ್ಟಡ ಯಾಕೆ ಅಂತ ಕೆಲವರು ಕೇಳಿದಿರಿ. ಪುಸ್ತಕ ಮುಚ್ಚಿಟ್ಟು, ಬರೀ ಗೋಡೆ ನೋಡಿ ಇತಿಹಾಸ ಓದಬಹುದಾದ ಕಟ್ಟಡ ಅದು, ಅದಕ್ಕೇ.

ಹಡಗಿನಲ್ಲಿ ಬಂದ ಸರಕಿಗೆ ಸುಂಕ ವಸೂಲಿ ಮಾಡಲು ಕಟ್ಟಿದ ಕಚೇರಿ ಇದು. ಜೇಮ್ಸ್ ಗ್ಯಾಂಡನ್ ಎಂಬ ವಾಸ್ತುಶಿಲ್ಪಿ 1781ರಲ್ಲಿ ಕೆಲಸ ಶುರು ಮಾಡಿದರು, ಮುಗಿದದ್ದು 1791ರಲ್ಲಿ. ಜಾಗ ಲಿಫಿ ನದಿಯ ದಂಡೆ, ಅಗೆದಲ್ಲೆಲ್ಲ ಕೆಸರು ನೀರು, ಹಾಗಾಗಿ ಮೊದಲು ಮರದ ದಿಮ್ಮಿಗಳನ್ನು ಹಾಸಿ ಅದರ ಮೇಲೆ ಪಾಯ ಎಬ್ಬಿಸಿದರು. ಇದಕ್ಕೂ ಮೊದಲು ನದಿಯ ಮೇಲ್ಗಡೆ ಇದ್ದ ಸುಂಕದ ಕಚೇರಿಯ ಸುತ್ತಮುತ್ತಲಿನ ವ್ಯಾಪಾರಿಗಳು ಜೋರಾಗಿ ವಿರೋಧಿಸಿದ್ದರು. ಹಡಗುಗಳೆಲ್ಲ ನದಿಯ ಕೆಳಗಡೆ, ಈ ಹೊಸ ಕಚೇರಿಯ ಹತ್ತಿರವೇ ನಿಂತುಬಿಟ್ಟರೆ ತಮ್ಮ ವ್ಯಾಪಾರದ ಗತಿ ಏನು ಅನ್ನುವ ಚಿಂತೆ.

ನನಗೆ ತುಂಬಾ ಇಷ್ಟವಾದದ್ದು ಕಮಾನುಗಳ ನಡುಗಲ್ಲಿನ ಮುಖಗಳು. ಎಡ್ವರ್ಡ್ ಸ್ಮಿತ್ ಎಂಬ ಶಿಲ್ಪಿ ಕೆತ್ತಿದ 14 ತಲೆಗಳು. ಅದರಲ್ಲಿ 13 ಐರ್ಲೆಂಡಿನ ನದಿಗಳು, ಒಂದು ಅಟ್ಲಾಂಟಿಕ್ ಸಾಗರ. ಹೆಣ್ಣು ಮುಖ ಲಿಫಿಗೆ ಮಾತ್ರ. ಗೋಡೆಯ ಮೇಲ್ಭಾಗದಲ್ಲಿ ಎತ್ತಿನ ತಲೆಗಳೂ ಇವೆ, ಯಾಕೆಂದರೆ ಆ ಬಂದರಿನಿಂದ ದನದ ಮಾಂಸ ಜಾಸ್ತಿ ಹೊರಗೆ ಹೋಗುತ್ತಿತ್ತು. ಓದು ಬಾರದವರಿಗೂ ಇಲ್ಲಿ ಏನು ನಡೆಯುತ್ತದೆ ಅಂತ ಗೊತ್ತಾಗಬೇಕು, ಅಲ್ವಾ?

ಇನ್ನೊಂದು ವಿಷಯ ಇದೆ, ಇದನ್ನು ಮಾತ್ರ ಮಕ್ಕಳಿಗೆ ದಯವಿಟ್ಟು ಹೇಳಬೇಡಿ. 1921ರ ಮೇ 25ರಂದು ಸ್ವಾತಂತ್ರ್ಯ ಹೋರಾಟಗಾರರು ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಬ್ರಿಟಿಷ್ ಆಡಳಿತದ ದಾಖಲೆಗಳು ಆಗ ಅಲ್ಲೇ ಇದ್ದವು. ಬೆಂಕಿ ದಿನಗಟ್ಟಲೆ ಉರಿಯಿತು, ಒಳಭಾಗ ಪೂರ್ತಿ ಹಾಳಾಯಿತು. ಮೊದಲು ಬಳಸಿದ್ದು ಇಂಗ್ಲೆಂಡಿನ ಬಿಳಿ ಪೋರ್ಟ್‌ಲ್ಯಾಂಡ್ ಕಲ್ಲು. ಗುಮ್ಮಟದ ಭಾಗವನ್ನು ಮತ್ತೆ ಕಟ್ಟುವಾಗ ಐರ್ಲೆಂಡಿನದೇ ಆರ್ಡ್‌ಬ್ರಾಕನ್ ಸುಣ್ಣಕಲ್ಲು ಹಾಕಿದರು, ಅದು ಕಪ್ಪು ಛಾಯೆಯದ್ದು. ಫೋಟೋದಲ್ಲಿ ಆ ವ್ಯತ್ಯಾಸ ಕಾಣುತ್ತದೆ. ಮೇಲಿನ ಬಣ್ಣ ಬೇರೆ ಯಾಕೆ ಅಂತ ಮಕ್ಕಳೇ ಕೇಳಲಿ, ತಾವೇ ಹುಡುಕಲಿ.

ಫೋಟೋಗಳನ್ನು ಬ್ಯಾಗಿನಲ್ಲಿ ಕಳಿಸಿದ್ದೇವೆ. ಸೋಮವಾರದೊಳಗೆ ಮುಂಭಾಗದ ಒಂದು ಚಿತ್ರ ಪೆನ್ಸಿಲ್‌ನಲ್ಲಿ ಬಿಡಿಸಿ ತರಬೇಕು. ರೆಡಿಮೇಡ್ ಮಾದರಿ ತರಿಸಿಕೊಡಬೇಡಿ, ನೀವೂ ಕೂತು ತಿದ್ದಬೇಡಿ. ಕಂಬ ಸೊಟ್ಟಗಿದ್ದರೂ ಅಂಕ ಕಡಿಮೆ ಮಾಡುವುದಿಲ್ಲ.

ಇಂತಿ,
ಮುಖ್ಯೋಪಾಧ್ಯಾಯರು